ರೈಟಕ್ಕನ ಕೊಳಕ್ಕೆ ಬಂದ ಮಣ್ಣು

ನನ್ನ ಅಕ್ಕನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಈಗ ಯಾರ ಬಾಯಲ್ಲೂ ಇಲ್ಲ. ಬೀದಿಗೆಲ್ಲ ಅವಳು ರೈಟಕ್ಕ. ತಲೆ ನರೆಯುವ ತನಕ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವಳು. ಹಿಂದಿನ ಬಾಗಿಲಲ್ಲಿ ನಿಂತು ಅವಳು ‘ರೈಟ್’ ಎಂದರೆ ಬಸ್ಸಷ್ಟೇ ಅಲ್ಲ, ಪಕ್ಕದಲ್ಲಿ ನಿಂತ ಸೈಕಲ್ಲಿನವನೂ ಹೊರಟುಬಿಡುತ್ತಿದ್ದ. ಅವಳು ನಿವೃತ್ತಳಾದಳೇ ಹೊರತು ಆ ಗಂಟಲು ನಿವೃತ್ತಿಯಾಗಲಿಲ್ಲ. ಅವಳ ಮನೆ ನೆಲಮಹಡಿಯ ಹಿಂಭಾಗದಲ್ಲಿ, ನನ್ನದು ಅದರ ಮೇಲೆಯೇ. ಅವಳು ಕೆಳಗೆ ಚಮಚ ಹುಡುಕಿದರೂ ಯಾವ ಚಮಚ ಎಂದು ನನಗೆ ಮೇಲೆ ಗೊತ್ತಾಗುತ್ತದೆ.

ಕಟ್ಟಡದ ಹಿಂದೆ ಸಿಮೆಂಟಿನ ತೊಟ್ಟಿಯೊಂದಿತ್ತು. ಕಟ್ಟಡ ಕಟ್ಟುವಾಗ ನೀರು ತುಂಬಿಡಲು ಮಾಡಿದ್ದು, ಆಮೇಲೆ ಯಾರಿಗೂ ಬೇಡವಾಗಿತ್ತು. ಒಡೆದ ಹಂಚು, ತುಕ್ಕು ಹಿಡಿದ ಸರಳು, ಯಾರದೋ ಒಂಟಿ ಚಪ್ಪಲಿ, ಎಲ್ಲಕ್ಕೂ ಅದೇ ಮನೆ. ಕೆಲಸ ಬಿಟ್ಟ ಮಾರನೇ ವಾರವೇ ಅಕ್ಕ ಅದರೊಳಗೆ ಇಳಿದಳು. ಕಸ ಎತ್ತಿ, ಪಾಚಿ ಉಜ್ಜಿ, ಬಿರುಕಿಗೆ ಸಿಮೆಂಟು ಮೆತ್ತಿ ನೀರು ತುಂಬಿಸಿದಳು. ನೈದಿಲೆ ಬಂತು, ಜೊಂಡು ಬಂತು, ಕೆಂಪು ಮೀನು ಬಂದವು. ಕರೆಯದೆಯೇ ಒಂದು ಕಪ್ಪೆಯೂ ಬಂತು.

“ಅಲ್ಲ ಕಣೇ, ಈ ವಯಸ್ಸಲ್ಲಿ ನಿಂಗ್ಯಾಕೆ ಬೇಕಿತ್ತು ಈ ಉಸಾಬರಿ?” ಎಂದು ಕೇಳಿದ್ದೆ.

“ಇಷ್ಟು ವರ್ಷ ಅಲ್ಲಾಡೋ ನೆಲದ ಮೇಲೆ ನಿಂತು ಬದುಕಿದ್ದೀನಿ. ಅಲ್ಲಾಡದೆ ಇರೋದು ಏನಾದ್ರೂ ಒಂದು ನನ್ನ ಕಣ್ಣ ಮುಂದೆ ಇರ್ಲಿ. ನೀರಾದ್ರೂ ಸರಿ” ಎಂದಳು. ದಿನಾ ಬೆಳಿಗ್ಗೆ ಕಟ್ಟೆಯ ಮೇಲೆ ಕೂತು ಊದಿಕೊಂಡ ಕಾಲನ್ನು ನೀರಿಗೆ ಇಳಿಬಿಡುತ್ತಿದ್ದಳು. ಆ ಹೊತ್ತಿನಲ್ಲಿ ಮಾತ್ರ ಅವಳ ಬಾಯಿ ಮುಚ್ಚಿರುತ್ತಿತ್ತು, ಹಾಗಾಗಿ ನನಗೂ ಕೊಳದ ಮೇಲೆ ಪ್ರೀತಿ ಬಂತು.

ಅದೇ ಕಟ್ಟೆಯ ಮೇಲೆ ಭಾನುವಾರದ ಆಸ್ಪತ್ರೆ ಶುರುವಾಯಿತು. ಸುತ್ತಮುತ್ತ ಬಾಲ್ಕನಿಯಲ್ಲಿ, ತಾರಸಿಯಲ್ಲಿ ಕುಂಡ ಇಟ್ಟುಕೊಂಡವರೆಲ್ಲ ಬೆಳಿಗ್ಗೆ ಬೆಳಿಗ್ಗೆಯೇ ತಮ್ಮ ಗಿಡಗಳ ಗೋಳು ಹೊತ್ತು ಬರುತ್ತಿದ್ದರು. ಅಲ್ಲಿ ಒಂದು ಕಟ್ಟುನಿಟ್ಟು. ಕಾಯಿಲೆಯನ್ನು ಬಾಯಲ್ಲಿ ಹೇಳುವಂತಿಲ್ಲ. ಕಾಯಿಲೆ ಬಿದ್ದ ಎಲೆಯನ್ನೇ ತರಬೇಕು, ಹುಳ ಜೀವಂತವಾಗಿದ್ದರೆ ಇನ್ನೂ ಒಳ್ಳೆಯದು. ಬರಿಗೈಲಿ ಬಂದವರಿಗೆ ಅಕ್ಕ, “ಟಿಕೆಟ್ ಎಲ್ಲಿ? ಟಿಕೆಟ್ ಇಲ್ದೆ ಹತ್ತಬೇಡಿ” ಎಂದು ಗದರುತ್ತಿದ್ದಳು. ಹಾಗಾಗಿ ಜನ ಡಬ್ಬಿಯ ಮುಚ್ಚಳದಲ್ಲಿ, ಸೋಪಿನ ಪೆಟ್ಟಿಗೆಯಲ್ಲಿ ಹಿಟ್ಟುತಿಗಣೆಯನ್ನೂ ಎಲೆ ಸುತ್ತುವ ಹುಳವನ್ನೂ ಜೋಪಾನವಾಗಿ ತರುತ್ತಿದ್ದರು.

ತಪ್ಪದೆ ಬರುತ್ತಿದ್ದವರು ಇಬ್ಬರು. ಒಬ್ಬರು ಲೆಕ್ಕದ ಮೇಷ್ಟ್ರು, ಎರಡನೇ ಮಹಡಿಯವರು. ಅವರ ಮೆಣಸಿನ ಗಿಡದ ಬೇರು ಕೊಳೆತಿದ್ದು ನೋಡಿ ಅಕ್ಕ, “ತಲೆಗೆ ಹೋಗ್ಲಿಲ್ಲ ಅಂತ ಅದೇ ಪಾಠ ಮತ್ತೆ ಮತ್ತೆ ಮಾಡೋ ಹಾಗೆ ನೀರು ಸುರಿದಿದ್ದೀರಲ್ಲ ಮೇಷ್ಟ್ರೇ” ಎಂದಿದ್ದಳು. ಇನ್ನೊಬ್ಬರು ಎದುರು ಬೀದಿಯ ಕಟಿಂಗ್ ಶಾಪಿನವರು. ದಿನವಿಡೀ ಗಿರಾಕಿಗಳ ಮಾತು ಕೇಳಿ ಕೇಳಿ ಅವರಿಗೆ ತಮ್ಮ ಮಾತೇ ಮರೆತುಹೋಗಿತ್ತು. ಗುಲಾಬಿ ಗಿಡವನ್ನು ಬುಡದ ತನಕ ಕತ್ತರಿಸಿ ತಂದು ಮುಂದಿಟ್ಟಾಗ ಅಕ್ಕ, “ಗಿಡಕ್ಕೂ ಕ್ರಾಪ್ ಹೊಡೀತೀರೇನ್ರೀ?” ಎಂದು ಕೂಗಾಡಿದ್ದಳು. ಅವರು ತಲೆ ತಗ್ಗಿಸಿ ನಕ್ಕು, ಅಂಗಡಿ ತೆರೆಯುವ ಹೊತ್ತಾಯಿತೆಂದು ಎದ್ದು ಹೋಗಿದ್ದರು.

ಒಂದು ಭಾನುವಾರ ಅಕ್ಕನ ಮುಖ ಗಂಟಿಕ್ಕಿತ್ತು. ಮೀನಿನ ಮರಿಗಳು ಕಾಣೆಯಾಗುತ್ತಿದ್ದವು. ಜರಡಿಯಲ್ಲಿ ತಳ ಬಾಚಿದಾಗ ಸಿಕ್ಕವು ನೋಡಿ: ಕೆಸರು ಬಣ್ಣದ, ಆರು ಕಾಲಿನ, ಉಬ್ಬಿದ ಕಣ್ಣಿನ ಹುಳಗಳು. ಥೂ, ಅಂಥ ಅಸಹ್ಯ ನಾನು ಕಂಡಿಲ್ಲ. ಒಂದರ ದವಡೆಯಲ್ಲಿ ಮೀನಿನ ಮರಿಯ ಬಾಲ ಇನ್ನೂ ಅಲ್ಲಾಡುತ್ತಿತ್ತು.

“ಕಳ್ಳರು!” ಎಂದಳು ಅಕ್ಕ. “ಒಂದನ್ನೂ ಬಿಡಬೇಡಿ, ಎಲ್ಲಾ ಎತ್ತಿ.”

ಯಾರೂ ಎದುರಾಡಲಿಲ್ಲ. ಅಕ್ಕನಿಗೆ ಎದುರಾಡುವ ಅಭ್ಯಾಸವೇ ಅಲ್ಲಿ ಯಾರಿಗೂ ಇರಲಿಲ್ಲ. ಎಲ್ಲರೂ ಚಹಾ ಸೋಸುವ ಜರಡಿ ಹಿಡಿದು ಸೊಂಟ ಬಗ್ಗಿಸಿ ಹುಳ ಎತ್ತಿದ್ದೇ ಎತ್ತಿದ್ದು. ತುಂಬಿದ ಬಕೆಟ್ಟನ್ನು ಅಕ್ಕ ಕಟಿಂಗ್ ಶಾಪಿನವರ ಕೈಗೆ ಕೊಟ್ಟು, “ಹೋಗ್ತಾ ದೂರ ಎಲ್ಲಾದ್ರೂ ಚೆಲ್ಲಿಬಿಡಿ” ಎಂದಳು. ಅವರು ತೆಗೆದುಕೊಂಡು ಹೋದರು.

ಆಮೇಲೆ ಶುರುವಾಯಿತು ಸೊಳ್ಳೆ ಕಾಟ. ಅಬ್ಬಬ್ಬಾ! ಸಂಜೆ ಕಿಟಕಿ ತೆರೆದರೆ ಮುಗಿಯಿತು. ಕೊಳದಲ್ಲಿ ನೈದಿಲೆಯ ಎಲೆ ಎತ್ತಿದರೆ ಕೆಳಗೆಲ್ಲ ಸೊಳ್ಳೆಮರಿ ಕುಣಿಯುತ್ತಿದ್ದವು. ಎಲ್ಲರ ಕೈಯಿಂದಲೂ ತಿಂದು ಕೊಬ್ಬಿದ ಕೆಂಪು ಮೀನುಗಳು ಅವುಗಳ ಕಡೆ ತಿರುಗಿಯೂ ನೋಡಲಿಲ್ಲ. ಮೊದಲ ಮಹಡಿಯಲ್ಲಿ ನಮ್ಮ ಕಟ್ಟಡದ ಸಂಘದ ಕಾರ್ಯದರ್ಶಿಯ ಮನೆ. ಅವರ ಮೊಮ್ಮಗಳ ಕೈಕಾಲೆಲ್ಲ ಕಚ್ಚಿಸಿಕೊಂಡು ಕೆಂಪಗೆ ದಪ್ಪಗಾಯಿತು. ಆ ಮನುಷ್ಯ ಕೆಟ್ಟವರಲ್ಲ, ಆದರೆ ಮೊಮ್ಮಗಳ ವಿಷಯ ಬಂದರೆ ಯಾವ ಅಜ್ಜ ಸುಮ್ಮನಿರುತ್ತಾನೆ? “ತೊಟ್ಟಿಗೆ ಮಣ್ಣು ಹಾಕಿ ಮುಚ್ಚೋದೇ ಸರಿ” ಎಂದು ಸಭೆ ಕರೆದರು. ಅವರು ಕೊಳವನ್ನು ಒಮ್ಮೆಯೂ ಕೊಳ ಎಂದವರಲ್ಲ.

ಸಭೆಗೆ ಮುಂಚಿನ ಭಾನುವಾರ, ಕಟಿಂಗ್ ಶಾಪಿನವರು ಎದ್ದು ಹೋದ ಮೇಲೆ, ಮೇಷ್ಟ್ರು ಜೊಂಡಿನ ಕಡ್ಡಿ ತೋರಿಸಿ “ಇಲ್ಲಿ ಬನ್ನಿ” ಎಂದರು. ನಮ್ಮ ಜರಡಿ ತಪ್ಪಿಸಿಕೊಂಡ ಒಂದು ಹುಳ ನೀರಿನಿಂದ ಮೇಲೆ ಹತ್ತಿ ಕಡ್ಡಿ ಕಚ್ಚಿ ಕೂತಿತ್ತು. ನೋಡನೋಡುತ್ತಿದ್ದಂತೆ ಅದರ ಬೆನ್ನು ಸೀಳಿತು. ಒಳಗಿಂದ ಮೆತ್ತನೆಯ, ಮಡಿಸಿದ ರೆಕ್ಕೆಯ ಒಂದು ಜೀವ ತೆವಳಿ ಹೊರಬಂತು. ಬಿಸಿಲು ಏರಿ ರೆಕ್ಕೆ ಒಣಗುವ ತನಕ ನಾವು ಅಲ್ಲೇ ಕೂತೆವು. ಅದು ಏರೋಪ್ಲೇನ್ ಚಿಟ್ಟೆ. ಕೊಳದ ಮೇಲೆ ಒಂದು ಸುತ್ತು ಹೊಡೆದು, ಗಾಳಿಯಲ್ಲೇ ಒಂದು ಸೊಳ್ಳೆ ಹಿಡಿದು ನುಂಗಿತು.

ಅಕ್ಕ ಕಡ್ಡಿಯಲ್ಲಿ ಉಳಿದ ಖಾಲಿ ಪೊರೆಯನ್ನು ಬಿಡಿಸಿ ಅಂಗೈ ಮೇಲಿಟ್ಟುಕೊಂಡಳು. “ನೀರೊಳಗೆ ಇದ್ದಾಗ್ಲೂ ಇವು ಸೊಳ್ಳೆಮರೀನೇ ತಿಂತಿದ್ವು ಕಣೇ. ಮಧ್ಯೆ ಒಂದೆರಡು ಮೀನಿನ ಮರಿ ತಿಂದಿದ್ದಕ್ಕೆ, ಕಾವಲುಗಾರರನ್ನೇ ಕಳ್ಳರು ಅಂದೆ ನಾನು.”

ಸಭೆಯಲ್ಲಿ ಇದನ್ನು ಮುಚ್ಚಿಡುತ್ತಾಳೆ ಎಂದುಕೊಂಡಿದ್ದೆ. ಅವಳು ಎದ್ದು ನಿಂತು ಎಲ್ಲರ ಮುಂದೆ ಹೇಳಿದಳು, “ತಪ್ಪು ನಂದು. ಆ ಹುಳ ಎತ್ತಿಸಿದ್ದು ನಾನು. ಬೈಯೋದಿದ್ರೆ ನನಗೆ ಬೈಯಿರಿ, ಕೊಳ ಏನು ಮಾಡಿದೆ?”

“ಸರಿಯಮ್ಮ, ಆ ಹುಳ ವಾಪಸ್ ತಂದು ಬಿಡಿ ನೋಡೋಣ. ಎಲ್ಲಿವೆ?” ಎಂದರು ಕಾರ್ಯದರ್ಶಿ.

“ದೂರ ಚೆಲ್ಲಿಸಿಬಿಟ್ಟೆ. ಇಷ್ಟೊತ್ತಿಗೆ ಸತ್ತೇ ಹೋಗಿರ್ತವೆ” ಎಂದಳು ಅಕ್ಕ. ವಾರ ವಾರ ಅವಳ ಕಟ್ಟೆ ಸವೆಸಿದ ಗಿಡದವರು ಒಬ್ಬರೂ ತುಟಿ ಪಿಟಕ್ಕೆನ್ನಲಿಲ್ಲ. ಮೇಷ್ಟ್ರು ತಮ್ಮ ಚಪ್ಪಲಿಯ ಬಾರನ್ನೇ ನೋಡುತ್ತ ಕೂತರು. ನನಗೆ ಪಿತ್ತ ನೆತ್ತಿಗೇರಿ, “ಎಲೆ ತೋರಿಸೋಕೆ ಮಾತ್ರ ಬಾಯಿ ಬರುತ್ತಾ ನಿಮಗೆ?” ಎಂದು ಕೇಳಿಯೇಬಿಟ್ಟೆ. ಏನೂ ಆಗಲಿಲ್ಲ. ಶುಕ್ರವಾರ ಬೆಳಿಗ್ಗೆ ಮಣ್ಣು ಎಂದು ತೀರ್ಮಾನವಾಯಿತು.

ಗುರುವಾರವಿಡೀ ಅಕ್ಕ ಬೇರೆ ಹುಳವಾದರೂ ಸಿಕ್ಕೀತೆಂದು ಜರಡಿ ಬಕೆಟ್ಟು ಹಿಡಿದು ಸಿಕ್ಕ ಸಿಕ್ಕ ಗುಂಡಿ, ಕಾಲುವೆ ಎಲ್ಲ ಸೋಸಿದಳು. ಸಂಜೆ ಖಾಲಿ ಬಕೆಟ್ಟಿನೊಂದಿಗೆ ಬಂದವಳ ಕೈಯಿಂದ ನಾನು ಅದನ್ನು ಇಸಿದುಕೊಂಡೆ.

“ಹೋಗ್ಲಿ ಬಿಡೇ ಅಕ್ಕ” ಎಂದೆ.

“ಬಿಡೋದಾ? ಮೇಲಿನವರು ಕಣ್ಣು ಕೆಂಪು ಮಾಡಿದಾಗ್ಲೂ ನಾನು ಒಬ್ಬ ಪ್ಯಾಸೆಂಜರ್‌ನ ಮಧ್ಯದಾರೀಲಿ ಇಳಿಸಿದವಳಲ್ಲ. ಆ ಮೀನು, ಆ ಕಪ್ಪೆ, ಎಲ್ಲಾ ಈಗ ನನ್ನ ಗಾಡಿ ಹತ್ತಿದ್ದಾವೆ. ರೈಟ್ ಹೇಳೋದು ನಾನು. ನಾನು ಹೇಳದೆ ಅದು ಹೇಗೆ ಮಣ್ಣು ಬೀಳುತ್ತೋ ನೋಡೇಬಿಡ್ತೀನಿ.”

ಶುಕ್ರವಾರ ಬೆಳಿಗ್ಗೆ ಮಣ್ಣಿನ ಗಾಡಿ ಹಿಂದಕ್ಕೆ ಬರುತ್ತಿದ್ದಂತೆ ಕಿವಿ ಹರಿಯುವ ಸೀಟಿ ಕೇಳಿಸಿತು. ಗಾಡಿಯವನ ಕಾಲು ತಾನಾಗಿಯೇ ಬ್ರೇಕಿಗೆ ಹೋಯಿತು. ನಾನು ಓಡಿ ಬಂದು ನೋಡಿದರೆ, ಅಕ್ಕ ಹಳೆಯ ಖಾಕಿ ಅಂಗಿ ತೊಟ್ಟು, ಕೊಳದ ನಟ್ಟನಡುವೆ ಪ್ಲಾಸ್ಟಿಕ್ ಸ್ಟೂಲ್ ಹಾಕಿಕೊಂಡು, ಸೊಂಟದ ತನಕ ನೀರಿನಲ್ಲಿ ಕೂತಿದ್ದಾಳೆ!

“ಅಮ್ಮಾ, ಏಳಿ. ನಂಗೆ ಇನ್ನೊಂದು ಟ್ರಿಪ್ ಇದೆ” ಎಂದ ಗಾಡಿಯವನು.

“ನಂಗಿಲ್ಲ. ನಂದು ಇದೇ ಕೊನೇ ಸ್ಟಾಪು.”

“ಮೇಲೆ ಮಣ್ಣು ಬೀಳುತ್ತೆ.”

“ಹಾಕು. ತಲೆ ಮೇಲೇ ಹಾಕು. ನಿಮ್ಮಮ್ಮನಿಗೆ ಹೋಗಿ ಹೇಳು, ಇವತ್ತು ಒಬ್ಬ ಮುದುಕಿನ ಹೂತು ಬಂದೆ ಅಂತ.”

ಅವನು ಕಂಗಾಲಾಗಿ ಕಾರ್ಯದರ್ಶಿಯನ್ನು ಹುಡುಕಿದ. ಅವರೆಲ್ಲಿ? ಈ ರಂಪ ನೋಡಲಾರದೆ ಬೆಳಿಗ್ಗೆಯೇ ಗಡ್ಡ ಮಾಡಿಸುವ ನೆಪದಲ್ಲಿ ಜಾಗ ಖಾಲಿ ಮಾಡಿದ್ದರು. ಗಾಡಿಯವನು ಕಾದೂ ಕಾದೂ, ಮಣ್ಣನ್ನು ಕಟ್ಟೆಯ ಪಕ್ಕ ಸುರಿದು, “ನೀವೇ ಬಡಿದಾಡ್ಕೊಳ್ಳಿ” ಎಂದು ಹೊರಟುಹೋದ. ಸಲಿಕೆಯ ಆಳುಗಳು ಗುಡ್ಡೆಯ ಮೇಲೆ ಕೂತು ಅಕ್ಕನನ್ನೇ ನೋಡುತ್ತಿದ್ದರು. ಅಕ್ಕನ ತುಟಿ ತಣ್ಣೀರಿಗೆ ನೀಲಿಯಾಗುತ್ತಿತ್ತು. “ಸಾಕು ಬಾರೇ” ಎಂದು ನಾನು ಅಳುತ್ತಲೇ ಬೈದೆ. ಜಪ್ಪಯ್ಯ ಎಂದರೂ ಅವಳು ಏಳಲಿಲ್ಲ.

ಆಗ ಬೀದಿಯ ಕಡೆಯಿಂದ ಕಟಿಂಗ್ ಶಾಪಿನವರು ಓಡುತ್ತ ಬಂದರು. ತೋಳಿನ ತುಂಬ ಒಂದು ಪ್ಲಾಸ್ಟಿಕ್ ಟಬ್ಬು, ನೀರು ತುಳುಕಿ ಅಂಗಿಯೆಲ್ಲ ಒದ್ದೆ. ಅವರ ಹಿಂದೆ ಕುತ್ತಿಗೆಗೆ ಟವಲು ಸುತ್ತಿಕೊಂಡ ಕಾರ್ಯದರ್ಶಿ, ಒಂದು ಕೆನ್ನೆ ನುಣ್ಣಗೆ, ಇನ್ನೊಂದರ ಮೇಲೆ ಸೋಪಿನ ನೊರೆ.

“ಅರ್ಧಕ್ಕೆ ಬಿಟ್ಟು ಓಡೋದೇನ್ರೀ!” ಎಂದು ಅವರು ಏದುಸಿರು ಬಿಡುತ್ತ ಕೂಗುತ್ತಿದ್ದರು.

ಅಂಗಡಿಯ ಕುರ್ಚಿಯಲ್ಲಿ ಕೂತು ಕಾರ್ಯದರ್ಶಿಯೇ ಕತೆಯೆಲ್ಲ ಹೇಳಿದ್ದರಂತೆ: ಯಾವುದೋ ಹುಳ ಬಿಸಾಡಿದ್ದಕ್ಕೆ ಸೊಳ್ಳೆ ಬಂತಂತೆ, ಈಗ ಆ ಹುಳ ಎಲ್ಲಿಂದ ತರುತ್ತಾಳೆ ಪಾಪ, ಎಂದು. ನಮ್ಮ ಕಟ್ಟಡದವರಲ್ಲದ ಕಾರಣ ಸಭೆಯ ಸುದ್ದಿ ಕಟಿಂಗ್ ಶಾಪಿನವರ ಕಿವಿಗೆ ಬಿದ್ದಿದ್ದು ಆಗಲೇ. ಕೈಯಲ್ಲಿದ್ದ ರೇಜರ್ ಇಟ್ಟವರೇ ಅಂಗಡಿಯ ಮೇಲಿನ ತಾರಸಿಗೆ ಓಡಿದ್ದಾರೆ.

ಅವರು ಟಬ್ಬನ್ನು ಕಟ್ಟೆಯ ಮೇಲಿಟ್ಟರು. ಅಕ್ಕ ಬಗ್ಗಿ ನೋಡಿದಳು. ಕೆಸರು ಬಣ್ಣದ, ಉಬ್ಬಿದ ಕಣ್ಣಿನ ಆ ಅಸಹ್ಯಗಳು ಅದರ ತುಂಬ ಹರಿದಾಡುತ್ತಿದ್ದವು.

“ಚೆಲ್ಲಿಬಿಡಿ ಅಂದಿದ್ನಲ್ಲ?” ಎಂದಳು ಅಕ್ಕ.

“ಅಂದ್ರಿ. ನಾನು ಚೆಲ್ಲಲಿಲ್ಲ. ಕಣ್ಣು ಬಿಟ್ಕೊಂಡು ನೋಡ್ತಿದ್ವು, ಮನಸ್ಸು ಬರ್ಲಿಲ್ಲ. ಮೇಲೆ ಟಬ್ಬಲ್ಲಿ ಸಾಕ್ಕೊಂಡೆ.”

“ನಂಗ್ಯಾಕೆ ಹೇಳ್ಲಿಲ್ಲ?”

“ನಿಮಗೆ ಹೇಳೋದಾ? ನಿಮ್ಮ ಗಂಟಲು ಕೇಳಿದ್ರೆ ನನ್ನ ಕತ್ತರಿ ನಡುಗುತ್ತೆ.”

ಬಸ್ಸು ತುಂಬ ಜನರನ್ನು ಗದರಿಸಿ ಬಾಳಿದವಳು, ಅವಳ ಮಾತು ಮೀರಿದ ಒಬ್ಬನೇ ಮನುಷ್ಯನ ಮುಂದೆ ಕಣ್ಣು ತುಂಬಿಕೊಂಡು ಕೂತಿದ್ದಳು. ನನಗೆ ನಗುವೋ ಅಳುವೋ ಒಂದೂ ತಿಳಿಯಲಿಲ್ಲ.

“ಅದೆಲ್ಲ ಇರ್ಲಿ, ನನ್ನ ಈ ಕೆನ್ನೆ?” ಎಂದರು ಕಾರ್ಯದರ್ಶಿ.

ಕಟಿಂಗ್ ಶಾಪಿನವರು ತಿರುಗಿ ನಿಂತರು. ಆ ಮೆತ್ತನೆಯ ಮನುಷ್ಯ ಅಷ್ಟು ಗಟ್ಟಿಯಾಗಿ ಮಾತಾಡಿದ್ದನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ. “ಮೊದ್ಲು ಕೊಳದ ಮಾತು ಹೇಳಿ ಸ್ವಾಮಿ. ಕೆನ್ನೆ ಆಮೇಲೆ.”

ಸಲಿಕೆಯ ಆಳುಗಳು ಗೊಳ್ಳೆಂದು ನಕ್ಕರು. ಮೇಲೆ ಬಾಲ್ಕನಿಯಲ್ಲಿದ್ದ ಮೇಷ್ಟ್ರೂ ಸಭೆಯಲ್ಲಿ ನುಂಗಿದ್ದ ನಾಲಗೆಯನ್ನು ಆಗ ಹೊರತೆಗೆದು, “ಹೌದು, ಮೊದ್ಲು ಕೊಳ!” ಎಂದು ಕೂಗಿದರು. ಸದ್ಯ, ಈಗಲಾದರೂ ಬಂತಲ್ಲ ಎಂದುಕೊಂಡೆ. ಕಾರ್ಯದರ್ಶಿ ನೊರೆ ಒರೆಸಿಕೊಳ್ಳುತ್ತ ನಿಂತರು. “ಮಳೆಗಾಲ ಮುಗಿಯೋ ತನಕ ನೋಡ್ತೀನಿ. ಸೊಳ್ಳೆ ಇಳೀಲಿಲ್ಲ ಅಂದ್ರೆ?”

“ಮೊದಲನೇ ಬುಟ್ಟಿ ಮಣ್ಣು ನಾನೇ ಹಾಕ್ತೀನಿ” ಎಂದಳು ಅಕ್ಕ.

ಕಟಿಂಗ್ ಶಾಪಿನವರು ಟಬ್ಬು ಎತ್ತಿ ನೀರಿನ ಅಂಚಿಗೆ ಬಗ್ಗಿಸಿ ಹಿಡಿದು ಕೇಳಿದರು, “ಬಿಡ್ಲಾ?”

“ರೈಟ್” ಎಂದಳು ಅಕ್ಕ. ಪಕ್ಕದಲ್ಲಿದ್ದ ನನಗೇ ಸರಿಯಾಗಿ ಕೇಳಿಸದಷ್ಟು ಮೆಲ್ಲಗೆ ಹೇಳಿದಳು.

ಹುಳ ಬಿಟ್ಟ ಮಾತ್ರಕ್ಕೆ ಸೊಳ್ಳೆ ಗಂಟುಮೂಟೆ ಕಟ್ಟಲಿಲ್ಲ. ಅಕ್ಕ ಮೀನಿಗೆ ಯಾರೂ ತಿಂಡಿ ಹಾಕದಂತೆ ಕಾವಲು ಕೂತಳು. ಹೊಟ್ಟೆ ಹಸಿದ ಮೇಲೆ ಅವಕ್ಕೂ ಬುದ್ಧಿ ಬಂತು. ಅರ್ಧಕ್ಕರ್ಧ ನೈದಿಲೆ ಕಿತ್ತಳು. ದಿನಾ ಬೆಳಿಗ್ಗೆ ಜರಡಿ ಹಿಡಿದು ನೀರು ಸೋಸಿದಳು. ಮಳೆ ನಿಲ್ಲುವ ಹೊತ್ತಿಗೆ ಕೊಳದ ಮೇಲೆ ಏರೋಪ್ಲೇನ್ ಚಿಟ್ಟೆಗಳು ಸುತ್ತುತ್ತಿದ್ದವು, ಕಾರ್ಯದರ್ಶಿಯ ಮನೆಯ ಕಿಟಕಿ ಸಂಜೆಯೂ ತೆರೆದಿರುತ್ತಿತ್ತು. ಕೊಳ ಮುಚ್ಚಲು ಬಂದ ಮಣ್ಣಿನ ಗುಡ್ಡೆಯ ಮೇಲೆ ಅಕ್ಕ ಕುಂಬಳ ಬಳ್ಳಿ ಹಬ್ಬಿಸಿದ್ದಾಳೆ. ಗುಡ್ಡೆ ತೆಗೆಸಬೇಕು ಎಂದು ಕಾರ್ಯದರ್ಶಿ ಒಮ್ಮೆ ಮಾತೆತ್ತಿದರು. “ಮಣ್ಣು ನಿಮ್ದು, ಬಳ್ಳಿ ನಂದು. ಬಳ್ಳಿಗೆ ನೋವಾಗದ ಹಾಗೆ ನಿಮ್ಮ ಮಣ್ಣು ತಗೊಂಡ್ಹೋಗಿ” ಎಂದಳು. ಅವರು ಮತ್ತೆ ಆ ಸುದ್ದಿಗೆ ಬರಲಿಲ್ಲ.

ಭಾನುವಾರದ ಆಸ್ಪತ್ರೆ ಹಾಗೇ ನಡೆದಿದೆ, ಗದರಿಕೆಯೂ ಹಾಗೇ ಇದೆ. ಈಗ ಅಕ್ಕ ಯಾವ ಎಲೆಗೆ ಮದ್ದು ಹೇಳಿದರೂ ಕೊನೆಗೆ, “ನಾನು ಹೇಳಿದ್ದು ತಪ್ಪು ಅನ್ನೋರು ಯಾರಾದ್ರೂ ಇದ್ದೀರಾ?” ಎಂದು ಗಂಟಲು ಹರಿಯುವಂತೆ ಕೇಳುತ್ತಾಳೆ. ಆ ಅಬ್ಬರಕ್ಕೆ ಮೇಷ್ಟ್ರು ಈಗಲೂ ಚಪ್ಪಲಿ ನೋಡುತ್ತಾರೆ. ಕಟಿಂಗ್ ಶಾಪಿನವರು ಮಾತ್ರ ಕೈ ಎತ್ತುತ್ತಾರೆ, ಅಕ್ಕ ಸುಮ್ಮನೆ ಕೂತು ಕೇಳುತ್ತಾಳೆ.