ಚಿಗವ್ವ ಬದಲಿ ಮಾಡಿಕೊಟ್ಟ ವಾಗ್ದಾನ

ನಾನು ಕಮರಿಪೇಟೆಯ ಒಂದು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಕಟಿಂಗ್ ಮಷೀನು ನಡೆಸುತ್ತೇನೆ. ಮದುವೆ ಕಾರ್ಡು, ಬಿಲ್ ಬುಕ್ಕು, ಶ್ರದ್ಧಾಂಜಲಿ ಚೀಟಿ, ಏನೇ ಬರಲಿ, ನೇರವಾಗಿ ಕತ್ತರಿಸುವುದಷ್ಟೇ ನನ್ನ ವಿದ್ಯೆ. ಡಿಸೆಂಬರ್ ಬಂತೆಂದರೆ ಕೇಶ್ವಾಪುರದ ನಮ್ಮ ಚರ್ಚಿನ ವಾಗ್ದಾನದ ಕಾರ್ಡುಗಳನ್ನೂ ನಾನೇ ಕತ್ತರಿಸಬೇಕು. ಶೀಟಿಗೆ ನಲವತ್ತು. ಹೊಸ ವರ್ಷದ ಬೆಳಗಿನ ಆರಾಧನೆ ಮುಗಿದ ಮೇಲೆ ಅವನ್ನು ಹಿತ್ತಾಳೆ ತಟ್ಟೆಯಲ್ಲಿ ಬೋರಲಾಗಿ ಹರಡುತ್ತಾರೆ. ಒಬ್ಬೊಬ್ಬರು ಒಂದೊಂದನ್ನು ಎತ್ತಿಕೊಳ್ಳಬೇಕು. ಅದರ ಮೇಲಿರುವ ವಾಕ್ಯ, ಆ ವರ್ಷಕ್ಕೆ ದೇವರು ಅವರಿಗೆ ಕೊಟ್ಟ ಮಾತು. ಕೈಗೆ ಬಂದದ್ದನ್ನು ಬದಲಿಸುವಂತಿಲ್ಲ. ಅಂಚು ಓರೆಯಾದ ಕಾರ್ಡು ಸಿಕ್ಕವರು ಅದರಲ್ಲೂ ದೇವರ ಚಿತ್ತ ಹುಡುಕತೊಡಗಿದರೆ ನಾನು ತಲೆ ತಗ್ಗಿಸಿ ಕೂರುತ್ತೇನೆ. ಓರೆ ಮಾಡಿದ ಪುಣ್ಯಾತ್ಮ ನಾನೇ.

ಪ್ರಭಾವತಿ ಚಿಗವ್ವ ನನಗೆ ರಕ್ತಸಂಬಂಧಿಯಲ್ಲ. ಗಬ್ಬೂರಿನಲ್ಲಿ ನಮ್ಮ ಓಣಿಯ ಕೊನೆಯ ಮನೆ ಅವಳದು. ಗಂಡ ತೀರಿಕೊಂಡು ಹನ್ನೊಂದು ವರ್ಷವಾಗಿತ್ತು. ಮಗಳು ಪೂನಮ್ ಬಿ.ಎಡ್. ಓದುತ್ತಿದ್ದಳು. ಚಿಗವ್ವ ಸರ್ಕಾರಿ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಿದ್ದಳು. ಅದು ಪಗಾರದ ಕೆಲಸ. ಪಗಾರವಿಲ್ಲದ ಕೆಲಸ ಇನ್ನೊಂದಿತ್ತು. ನಮ್ಮ ಚರ್ಚಿಗೆ ಸೇರಿದ ಯಾವ ಹೆಂಗಸು ಸತ್ತರೂ ಮೈ ತೊಳೆದು, ತಲೆ ಬಾಚಿ, ಬಿಳಿ ಸೀರೆ ಉಡಿಸಿ ಪೆಟ್ಟಿಗೆಗೆ ಸಿದ್ಧ ಮಾಡುವವಳು ಅವಳೇ. ತೊಳೆಯುವಾಗ ಸತ್ತವರ ಜೊತೆ ಮಾತಾಡುತ್ತಿದ್ದಳು. ಆರು ವರ್ಷದ ಹಿಂದೆ ನನ್ನ ಅವ್ವನನ್ನು ತೊಳೆಯುವಾಗ ನಾನು ಬಾಗಿಲ ಹೊರಗೆ ನಿಂತು ಕೇಳಿಸಿಕೊಂಡಿದ್ದೇನೆ. "ಸುವಾರ್ತಾ, ಕೈ ಸಡಲ ಬಿಡವಾ. ಇನ್ನ ಯಾರಿಗೆ ರೊಟ್ಟಿ ಬಡೀಬೇಕಾಗೇತಿ?"

ಅವ್ವ ಹೋದ ಮೇಲೆ ಆ ಮನೆಯಲ್ಲಿ ಉಳಿದವನು ನಾನೊಬ್ಬ. ಸಾಂಬಾರು ಮಾಡಲು ಹೋಗಿ ಎರಡು ಕುಕ್ಕರ್ ಸುಟ್ಟ ಮೇಲೆ ಭಾನುವಾರದ ಊಟ ಚಿಗವ್ವನ ಮನೆಯಲ್ಲೇ ಎಂದು ತಾನಾಗಿಯೇ ನಿಗದಿಯಾಯಿತು.

ಇಪ್ಪತ್ತೊಂದರ ಹೊಸ ವರ್ಷದ ದಿನ ನನ್ನ ಕೈಗೆ ಬಂದದ್ದು ಕಷ್ಟದಲ್ಲಿ ತಾಳ್ಮೆಯಿಂದಿರು ಎನ್ನುವ ಕಾರ್ಡು.

"ಕತ್ತರಿಸಿದಾವ ನಾನ, ನನಗ ಇಂಥಾದ್ದ ಬರಬೇಕಾ?" ಎಂದು ಗೊಣಗಿದೆ. ಚಿಗವ್ವ ಪಕ್ಕದಲ್ಲೇ ನಿಂತಿದ್ದಳು.

"ಏನ್ ಬಂತೋ ವಿಶಾಲಾ?"

"ತಾಳ್ಮಿ. ಹ್ವಾದ ವರ್ಷಾನೂ ತಾಳ್ಮಿನ. ನಮ್ಮ ಪ್ರೆಸ್ಸಿನ ಮಾಲಕರು ದೇವರ ಕಿವ್ಯಾಗ ಏನರ ಊದ್ಯಾರೇನ್ ಮತ್ತ?"

ಅವಳಿಗೆ ಬಂದಿದ್ದ ಕಾರ್ಡಿನಲ್ಲಿ ರಕ್ಷಣೆಯ ಮಾತಿತ್ತು, ಯಾವ ವ್ಯಾಧಿಯೂ ನಿನ್ನ ಮನೆಯ ಹತ್ತಿರ ಸುಳಿಯದು ಎಂಬರ್ಥದ್ದು. ಅದನ್ನು ಒಮ್ಮೆ ನೋಡಿದಳು, ನನ್ನನ್ನು ಒಮ್ಮೆ ನೋಡಿದಳು.

"ತಾ ಇಲ್ಲಿ ಅದನ್ನ. ನಂದು ತಗೋ."

"ಬದಲಿ ಮಾಡಬಾರದಲ್ಲ ಚಿಗವ್ವಾ?"

"ಪಾಸ್ಟರ್ ಆ ಕಡೆ ಹೊಳ್ಳ್ಯಾರ, ಲಗೂನ ತಾ. ಹದಿನೈದು ವರ್ಷ ಸಾಲಿ ಹುಡುಗರಿಗೆ ಅನ್ನಾ ನೀಡೇನಿ, ತಾಳ್ಮಿ ನನಗ ರೂಢಿ ಐತಿ. ನೀ ಇನ್ನೂ ಮದುವಿ ಆಗಾಂವ."

ಹೀಗೆ ನಗುತ್ತ ನಗುತ್ತ, ಕದ್ದ ಮಾಲು ಸಾಗಿಸುವವರ ಹಾಗೆ, ಬದಲಿಸಿಕೊಂಡೆವು.

ಮೇ ತಿಂಗಳಲ್ಲಿ ನನಗೆ ಕೊರೊನಾ ಬಂತು. ಬಂದದ್ದು ಸೇವೆ ಮಾಡಿ ಅಲ್ಲ, ಸಾಹಸ ಮಾಡಿಯೂ ಅಲ್ಲ. ಕೂದಲು ಕಿವಿ ಮುಚ್ಚುತ್ತಿವೆ ಎಂದು ಅರ್ಧ ಶಟರ್ ಎಳೆದಿದ್ದ ಕಟಿಂಗ್ ಅಂಗಡಿಯೊಳಗೆ ಬಗ್ಗಿ ನುಸುಳಿದ್ದೆ. ಊರಿಗೆ ಊರೇ ಬಾಗಿಲು ಹಾಕಿಕೊಂಡಿದ್ದಾಗ ನನ್ನ ಕೂದಲನ್ನು ನೋಡುವವರು ಯಾರಿದ್ದರೋ! ಮೂರನೆಯ ದಿನ ಜ್ವರ ಹತ್ತಿತು.

ಓಣಿಯವರು ನನ್ನ ಮನೆಯ ಮುಂದೆ ಬಂದಾಗ ಹೆಜ್ಜೆ ಚುರುಕು ಮಾಡುತ್ತಿದ್ದರು. ಅವರದು ತಪ್ಪಲ್ಲ, ನಾನೂ ಹಾಗೇ ಮಾಡುತ್ತಿದ್ದೆ. ಚಿಗವ್ವ ಮಾತ್ರ ಮೂಗಿಗೆ ಸೆರಗು ಕಟ್ಟಿಕೊಂಡು ಒಂಬತ್ತು ದಿನ ಎರಡು ಹೊತ್ತೂ ಕಿಟಕಿಗೆ ಡಬ್ಬಿ ತಂದಳು. ಗಂಜಿ, ಮೆಣಸಿನ ಸಾರು, ಮೆತ್ತಗಿನ ಅನ್ನ. ಬರಬೇಡ ಎಂದೆ. ಆದರೆ ಹಸಿದವನು ಎಷ್ಟು ಗಟ್ಟಿಯಾಗಿ ಹೇಳಬಹುದೋ ಅಷ್ಟೇ ಗಟ್ಟಿಯಾಗಿ.

"ದೇವರು ನನ್ನ ಮಗ್ಗಲಕ ಅದಾನ. ನೀ ಅಷ್ಟ ಆ ಕಡೆ ಮುಖಾ ಮಾಡಿ ಕೆಮ್ಮು," ಎನ್ನುತ್ತಿದ್ದಳು. "ಡಬ್ಬಿ ತೊಳದು ಕೊಡೋ ದನಾ. ಜಡ್ಡು ಬಂದದ್ದು ಎದಿಗೆ, ಕೈಗಲ್ಲ."

ಜ್ವರ ನೂರಾಮೂರು ದಾಟಿದ ದಿನ, ಶೀಟಿಗೆ ನಲವತ್ತು ಕತ್ತರಿಸುವ ನಾನು, ಹುಡುಕಿ ಹುಡುಕಿ ಆ ಕಾರ್ಡನ್ನು ತೆಗೆದು ತಲೆದಿಂಬಿನ ಕೆಳಗೆ ಇಟ್ಟುಕೊಂಡೆ.

ಹತ್ತನೆಯ ದಿನ ಡಬ್ಬಿ ಬರಲಿಲ್ಲ. ಪೂನಮ್ ಫೋನ್ ಮಾಡಿದಳು. "ಅವ್ವಗ ಉಸರಾಡಾಕ ಆಗವಲ್ದು. ದವಾಖಾನಿಗೆ ಕರಕೊಂಡ ಬಂದೇನಿ." ನನ್ನ ಜ್ವರ ಅದೇ ದಿನ ಇಳಿದಿತ್ತು. ಐದು ದಿನಕ್ಕೆ ಚಿಗವ್ವ ತೀರಿಕೊಂಡಳು.

ಮಣ್ಣು ಮಾಡಿದ್ದನ್ನು ನಾನು ನೋಡಿಲ್ಲ, ಹಾಸಿಗೆಯಲ್ಲಿದ್ದೆ. ಆಸ್ಪತ್ರೆಯವರು ಚೀಲದಲ್ಲಿ ಸುತ್ತಿ ಕೊಟ್ಟರಂತೆ. ಅಡಿಯಿಂದ ಮುಡಿಯವರೆಗೆ ಮುಚ್ಚಿಕೊಂಡ ನಾಲ್ವರು ಇಳಿಸಿದರಂತೆ. ಪಾಸ್ಟರ್ ಉದಯಕುಮಾರ ಅವರು ದೂರ ನಿಂತು ಪ್ರಾರ್ಥನೆ ಮಾಡಿದರಂತೆ. ಅಷ್ಟೊಂದು ಹೆಂಗಸರನ್ನು ತೊಳೆದವಳ ಮೈಮೇಲೆ ಒಂದು ಚರಿಗೆ ನೀರು ಬೀಳಲಿಲ್ಲ. ತಲೆ ಬಾಚಲಿಲ್ಲ. ಯಾರೂ ಅವಳ ಜೊತೆ ಮಾತಾಡಲಿಲ್ಲ.

ಎದ್ದು ಓಡಾಡುವಂತಾದ ಮೇಲೆ ನಾನು ಯೋಚಿಸಿದ್ದೆಲ್ಲ ಆ ಕಾರ್ಡಿನ ಬಗ್ಗೆ. ಅವಳಿಗೆ ಬಂದ ರಕ್ಷಣೆಯನ್ನು ನಾನು ಇಸಿದುಕೊಂಡೆ, ಅದಕ್ಕೇ ಹೀಗಾಯಿತು. ಈಗ ಅನಿಸುತ್ತದೆ, ಕಾರ್ಡಿನ ಮೇಲೆ ತಪ್ಪು ಹೊರಿಸುವುದು ಸುಲಭವಾಗಿತ್ತು. ಕೆಮ್ಮಿದ ಕೈಯಿಂದಲೇ, ತೊಳೆಯದೆ, ದಿನಕ್ಕೆರಡು ಸಲ ನಾನು ವಾಪಸು ಕೊಟ್ಟ ಡಬ್ಬಿಯ ಬಗ್ಗೆ ಯೋಚಿಸುವ ಧೈರ್ಯ ಇರಲಿಲ್ಲ.

ಜುಲೈನಲ್ಲಿ ಚರ್ಚು ಮತ್ತೆ ತೆರೆಯಿತು. ಮೊದಲ ಭಾನುವಾರವೇ ಕೃತಜ್ಞತೆಯ ಆರಾಧನೆ. ಗುಣವಾದವರು ಎದ್ದು ನಿಂತು, ದೇವರು ತಮ್ಮನ್ನು ಹೇಗೆ ಕಾಪಾಡಿದ ಎಂದು ಸಾಕ್ಷಿ ಹೇಳಬೇಕು. ನಾಲ್ಕು ಜನರಾದ ಮೇಲೆ ಪಾಸ್ಟರ್ ನನ್ನ ಹೆಸರು ಕೂಗಿದರು. ಹೆಂಗಸರ ಕಡೆ ಮೂರನೆಯ ಬೆಂಚಿನಲ್ಲಿ ಪೂನಮ್ ಕೂತಿದ್ದಳು. ಅವಳೆದುರು ನಾನು ದೇವರು ಕಾಪಾಡಿದ ಎನ್ನಬೇಕು.

ಎದ್ದೆ. "ನನಗ ಜಡ್ಡಾಗಿತ್ತು," ಅಂದೆ.

"ಸ್ತೋತ್ರ," ಅಂದಿತು ಸಭೆ. ಸಾಕ್ಷಿಯ ನಡುನಡುವೆ ಹಾಗನ್ನುವುದು ನಮ್ಮಲ್ಲಿ ವಾಡಿಕೆ.

"ಆರಾಮಾತು."

"ಸ್ತೋತ್ರ."

"ಒಂಬತ್ತ ದಿನಾ ನನಗ ಊಟಾ ತಂದಾಕಿ ಪ್ರಭಾವತಿ ಚಿಗವ್ವ. ಆಕಿ ಸತ್ತಳು."

ವಾಡಿಕೆಯ ಓಟದಲ್ಲಿ ಹಿಂದಿನಿಂದ ಯಾರೋ ಹಿರಿಯರು "ಸ್ತೋತ್ರ" ಅಂದೇಬಿಟ್ಟರು. ಅಂದ ಮೇಲೆ ಅವರಿಗೇ ಗೊತ್ತಾಗಿರಬೇಕು, ಕೆಮ್ಮಿದರು. ಪೂನಮ್ ಎದ್ದು ಹೊರಗೆ ನಡೆದಳು. ನಾನು ಹಿಂದೆಯೇ ಹೋದೆ.

ಮೆಟ್ಟಿಲ ಬುಡದಲ್ಲಿ ಅವಳು ಚಪ್ಪಲಿ ಹುಡುಕುತ್ತಿದ್ದಳು.

"ತಪ್ಪಾತು ಪೂನಮ್. ಅಲ್ಲೆ ಹಂಗ ಹೇಳಬಾರದಿತ್ತು."

"ಖರೇನ ಹೇಳಿದಿ, ಬಿಡು."

ಜೇಬಿನಿಂದ ಕಾರ್ಡು ತೆಗೆದೆ. "ಇದು ಖರೇ ಅಂದ್ರ ನಿಮ್ಮವ್ವಂದು. ಹೊಸ ವರ್ಷದ ದಿನಾ ನಾವು..."

"ಗೊತ್ತೈತಿ. ಅವತ್ತ ಮನಿಗೆ ಬಂದು ಆಕೀನ ಹೇಳಿ ನಕ್ಕಿದ್ಲು." ಅವಳು ಕಾರ್ಡಿಗೆ ಕೈ ಚಾಚಲಿಲ್ಲ. "ದವಾಖಾನ್ಯಾಗ ಆಕ್ಸಿಜನ್ ಮಾಸ್ಕ್ ಸರಿಸಿ ನಿನ್ನ ಕೇಳಿದ್ಲು, ಆ ಹುಡುಗ ಹೆಂಗದಾನ ಅಂತ. ಜ್ವರಾ ಇಳದಾವಂತ ಅಂದೆ. 'ನೋಡಿದೇನ್, ವಾಗ್ದಾನ ಹತ್ತೇತಿ ಅವಗ' ಅಂದ್ಲು. ಔಷಧಾ ಹತ್ತಿತು ಅಂದಂಗ."

ಚಾಚಿದ್ದ ಕಾರ್ಡನ್ನು ಮತ್ತೆ ಜೇಬಿಗೆ ಇಳಿಸಿದೆ.

"ಮರುದಿನಾ ನಾ ನಿನ್ನ ಮನಿಗೆ ಬಂದಿದ್ದೆ," ಎಂದಳು. "ಅದನ್ನ ವಾಪಸ್ ಇಸ್ಕೊಂಡು ಅವ್ವನ ದಿಂಬಿನ ಬುಡಕ ಇಡೂಣಂತ. ನಾಳೆ ಹುಡುಗರಿಗೆ ಸೈನ್ಸ್ ಕಲಸಾಕಿ ನಾ, ನೋಡು. ಬಾಗಲಾ ಮಟಾ ಬಂದೆ. ಒಳಗ ನೀ ಕೆಮ್ಮಾಕತ್ತಿದ್ದಿ. ಇಸ್ಕೊಂಡ ಮ್ಯಾಲೆ ನೀ ಸತ್ತಗಿತ್ತರ ಅಂತ ಅಂಜಿಕಿ ಬಂತು. ಬಾಗಲಾ ಬಡೀಲಿಲ್ಲ. ಹೊಳ್ಳಿ ಹ್ವಾದೆ. ಬಡೀಬೇಕಿತ್ತು."

ಅದು ಬರೀ ಕಾಗದ, ನಾನೇ ಕತ್ತರಿಸಿದ್ದು, ಅದರಿಂದ ಯಾರೂ ಬದುಕುವುದಿಲ್ಲ, ಯಾರೂ ಸಾಯುವುದಿಲ್ಲ ಎಂದು ಹೇಳಬಹುದಿತ್ತು. ಅವಳಿಗೆ ಬೇಕಾಗಿದ್ದದ್ದೂ ಬಹುಶಃ ಅದೇ. ಮಾತು ನಾಲಿಗೆಯ ತುದಿಯವರೆಗೆ ಬಂದಿತ್ತು.

"ಬಡದಿದ್ರೂ ನಾ ಕೊಡ್ತಿರಲಿಲ್ಲ, ಪೂನಮ್," ಅಂದೆ. "ಅವತ್ತ ಕೊಡ್ತಿರಲಿಲ್ಲ."

ಅವಳು ನನ್ನ ಮುಖ ನೋಡಿದಳು. ಬೈಯುತ್ತಾಳೆ ಎಂದುಕೊಂಡೆ. ಬೈದಿದ್ದರೆ ಹಗುರಾಗುತ್ತಿದ್ದೆ. ಬೈಯಲಿಲ್ಲ. ಚಪ್ಪಲಿಗಳ ನಡುವೆಯೇ ಮೆಟ್ಟಿಲ ಮೇಲೆ ಕೂತು, ಬಾಯಿಗೆ ಓಢಣಿ ಒತ್ತಿಕೊಂಡು ಅತ್ತಳು. ಎರಡು ಮೆಟ್ಟಿಲು ಕೆಳಗೆ ನಾನೂ ಕೂತೆ. ಒಳಗೆ ಇನ್ನೊಬ್ಬರ ಸಾಕ್ಷಿ ಶುರುವಾಯಿತು. ನಾವು ಇಬ್ಬರೂ ಏಳಲಿಲ್ಲ.