ಗೀರ್ ಅಲ್ಲದ ಹಸು

೨೦೧೬ರಲ್ಲಿ ವಾಶಿಯ ನಮ್ಮ ಬಿಲ್ಡಿಂಗಿನ ಎಂಟು ಮನೆಯವರು ದೇಸಿ ತಳಿಯಾದ ಗೀರ್ ಹಸುವಿನ ಹಾಲೆಂದು ಕುಣಿದಾಡುತ್ತಿದ್ದೆವು. ಕಲ್ಯಾಣದ ಹೊರಗೆ ಹೋಟೆಲ್ ಮಾಲೀಕ ವಿಷ್ಣುಮೂರ್ತಿ ಹೊಸದಾಗಿ ಡೈರಿ ಇಟ್ಟಿದ್ದ. ತಿಂಗಳಿಗೊಂದು ಭಾನುವಾರ ಗಿರಾಕಿಗಳನ್ನು ಕರೆಸಿ ಹಸು ತೋರಿಸುತ್ತಿದ್ದ. ಮೈಮೇಲೆ ಕೆಂಪು-ಬಿಳಿ ಮಚ್ಚೆ ಕಂಡರೆ ಸಾಕು, ಗೀರ್ ಎಂದು ಕೈಮುಗಿಯುವ ಬುದ್ಧಿವಂತರು ನಾವು. ಬೆನ್ನಿನ ಡುಬ್ಬ ಎಲ್ಲಿ ಎಂದು ಯಾರೋ ಕೇಳಿದ್ದಕ್ಕೆ, ಇನ್ನೂ ಎಳೆಯ ಹಸು, ಬೆಳೆಯುತ್ತದೆ ಎಂದ. ಅದನ್ನೂ ನಂಬಿದೆವು!

ಹಸುಗಳನ್ನು ನೋಡಿಕೊಳ್ಳುತ್ತಿದ್ದವರು ಬೂಬಣ್ಣ. ಕಾರ್ಕಳದ ಕಡೆಯವರು, ಕಲ್ಯಾಣದ ತಬೇಲಗಳಲ್ಲಿ ಇಪ್ಪತ್ತು ವರ್ಷ ಸಗಣಿ ಬಾಚಿ ಹಾಲು ಕರೆದವರು. ಇವು ಕೆಂಪು ಹೋಲ್‌ಸ್ಟೀನ್ ಮಿಶ್ರತಳಿ ಎಂದು ಅವರಿಗೆ ನೋಡಿದ ಕೂಡಲೇ ಗೊತ್ತಾಗಿತ್ತು. ತಣ್ಣನೆಯ ದೇಶದ ರಕ್ತ. ಹಾಲು ಹೆಚ್ಚು, ಸೆಕೆ ತಡೆಯುವ ಶಕ್ತಿ ಕಡಿಮೆ. ಮೇ ತಿಂಗಳಲ್ಲಿ ತಗಡಿನ ಕೊಟ್ಟಿಗೆ ಕಾದಾಗ ಅವರು ಮಾಲೀಕನನ್ನು ಬೇಡಿಕೊಂಡರಂತೆ.

"ಧಣಿ, ಒಂದು ಫ್ಯಾನ್ ಹಾಕಿ. ಮೈಗೆ ನೀರು ಹೊಡಿಲಿಕ್ಕಾದ್ರೂ ಬಿಡಿ."

"ನಿಂಗೆ ಮಂಡೆ ಸಮ ಉಂಟಾ? ಸೆಕೆ ತಡೆಯುವ ಗೀರ್ ಹಸುವಿಗೆ ಫ್ಯಾನ್ ಎಂತಕ್ಕೆ ಅಂತ ಗಿರಾಕಿಗಳು ಕೇಳುದಿಲ್ವಾ?"

ತನ್ನ ಸುಳ್ಳು ಉಳಿಸಿಕೊಳ್ಳಲು ಹಸುಗಳನ್ನು ಬೇಯಲು ಬಿಟ್ಟ ಮನುಷ್ಯ! ನೆನೆದರೆ ಈಗಲೂ ಮೈ ಉರಿಯುತ್ತದೆ.

ಆ ತಿಂಗಳ ಭಾನುವಾರ ನಾವು ಹೋದಾಗ ಒಂದು ಹಸು ನಾಲಿಗೆ ಹೊರಹಾಕಿ ಏದುಸಿರು ಬಿಡುತ್ತಿತ್ತು. ಬಾಯಿಂದ ಜೊಲ್ಲು ಸುರಿಯುತ್ತಿತ್ತು. ನಮ್ಮವರು ಅದರ ಪಕ್ಕ ನಿಂತು ಸೆಲ್ಫಿ ತೆಗೆದರು. ಅದು ಕಾಲು ಮಡಚಿ ಕುಸಿದೇಬಿಟ್ಟಾಗ ಬೂಬಣ್ಣ ಓಡಿಬಂದು ಪೈಪಿನಿಂದ ನೀರು ಹೊಡೆಯತೊಡಗಿದರು.

"ಏಯ್, ಪೈಪ್ ಕೆಳಗಿಡು!" ವಿಷ್ಣುಮೂರ್ತಿ ಕಿರುಚಿದ.

"ಇಡುದಿಲ್ಲ. ಇದು ಗೀರ್ ಅಲ್ಲ, ಕ್ರಾಸ್. ನಿಮ್ಮ ಸುಳ್ಳಿಗೆ ಇದು ಸಾಯ್ಬೇಕಾ?"

ಗಲಾಟೆ ಎದ್ದಿತು. "ಯೇ ತೋ ಧೋಕಾ ಹೈ!" ಮೋಸವೆಂದು ಒಬ್ಬರು ಹಿಂದಿಯಲ್ಲಿ ಕೂಗಿದರು. ನಾನು ಬೂಬಣ್ಣನನ್ನೇ ತರಾಟೆಗೆ ತೆಗೆದುಕೊಂಡೆ. "ಹಾಗಾದ್ರೆ ನಾವು ಇಷ್ಟು ದಿನ ಕುಡಿದದ್ದು ಯಾವ ಹಾಲು?"

"ಇದರದ್ದೇ ಅಕ್ಕಾ. ಸ್ವಲ್ಪ ಪೈಪ್ ಹಿಡೀತೀರಾ? ಇದರ ತಲೆ ಎತ್ತಿ ಹಿಡಿಬೇಕು."

ಸೀರೆ ಒದ್ದೆಯಾಗುತ್ತದೆಂದು ನಾನು ಎರಡು ಹೆಜ್ಜೆ ಹಿಂದೆ ಸರಿದೆ. ಬೂಬಣ್ಣ ಒಬ್ಬರೇ ಮುಕ್ಕಾಲು ಗಂಟೆ ಹೆಣಗಿ ಹಸುವನ್ನು ಎಬ್ಬಿಸಿ ನಿಲ್ಲಿಸಿದರು.

ಅದು ಬದುಕಿತು. ಸುಳ್ಳು ಬಯಲಾದ ಮೇಲೆ ಅಡಗಿಸುವುದೇನಿತ್ತು, ಅದೇ ವಾರ ಕೊಟ್ಟಿಗೆಗೆ ನಾಲ್ಕು ಫ್ಯಾನ್ ಬಂದವು. ಬೂಬಣ್ಣನನ್ನು ಮಾತ್ರ ವಿಷ್ಣುಮೂರ್ತಿ ಆ ಭಾನುವಾರ ಸಂಜೆಯೇ ಕೆಲಸದಿಂದ ಓಡಿಸಿದ್ದ. ನಾವು ಎಂಟು ಮನೆಯವರು ಬೇರೆ ಹಾಲು ಹುಡುಕಿಕೊಂಡೆವು. ಬೂಬಣ್ಣನ ಪರವಾಗಿ ಒಂದು ಮಾತೂ ಆಡಲಿಲ್ಲ.