ಏರಿಯಲ್ ಹಿಡಿದ ಕೈ

ದೆವ್ವ, ಸೂಚನೆ ಎಂದೆಲ್ಲ ಹೇಳುವವರನ್ನು ಕಂಡರೆ "ಇವರಿಗೆ ಎಲ್ಲೋ ಅರ್ತಿಂಗ್ ಲೂಸ್ ಆಗಿದೆ" ಎಂದು ನಗುತ್ತಿದ್ದವನು ನಾನು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟರೂ ಮೂವತ್ತು ವರ್ಷ ಕಾರುಗಳ ವೈರಿಂಗ್ ಮಾಡಿ ತಲೆಯೆತ್ತಿ ಬದುಕಿದ್ದೇನೆ. ಕರೆಂಟು ಸುಳ್ಳು ಹೇಳುವುದಿಲ್ಲ. ಏನೇ ಕೆಟ್ಟರೂ ಕಾರಣ ಇದ್ದೇ ಇರುತ್ತದೆ, ಹುಡುಕುವ ತಾಳ್ಮೆ ಬೇಕು ಅಷ್ಟೆ. ಈಗಲೂ ಹಾಗೇ ನಂಬುತ್ತೇನೆ. ಆದರೆ ಕೆಲವು ವರ್ಷಗಳ ಹಿಂದಿನ ಒಂದು ಮಧ್ಯಾಹ್ನಕ್ಕೆ ಮಾತ್ರ ಕಾರಣ ಸಿಕ್ಕಿಲ್ಲ. ನೀವು ನಂಬಲೇಬೇಕೆಂದು ಬರೆಯುತ್ತಿಲ್ಲ.

ಮೊದಲು ನನ್ನ ಮೇಸ್ತ್ರಿಯ ವಿಷಯ ಹೇಳಬೇಕು. ಶ್ರೀನಗರದ ಸೋಮಣ್ಣ ಮೇಸ್ತ್ರಿ ನನಗೆ ಕೆಲಸ ಕಲಿಸಿದವರು. ಆಗೆಲ್ಲ ಕಾರಿಗೆ ರೇಡಿಯೋ ಕೂರಿಸಿದ ಮೇಲೆ ಪರೀಕ್ಷೆ ಮಾಡಲು ಇಬ್ಬರು ಬೇಕಿತ್ತು. ಒಬ್ಬ ಒಳಗೆ ಕೂತು ಸ್ಟೇಷನ್ ತಿರುಗಿಸಬೇಕು, ಇನ್ನೊಬ್ಬ ಹೊರಗೆ ನಿಂತು ಏರಿಯಲ್ ಕಡ್ಡಿ ಹಿಡಿಯಬೇಕು. ಹಿಡಿದಾಗ ಮಾತ್ರ ದನಿ ತಿಳಿಯಾದರೆ ಕಡ್ಡಿಯ ಬುಡದಲ್ಲಿ ಅರ್ತಿಂಗ್ ಸರಿಯಿಲ್ಲ ಎಂದರ್ಥ. ಹೊರಗಿನವರು "ಬಂತಾ?" ಅನ್ನಬೇಕು, ಒಳಗಿನವನು "ಬಂತು, ಬಿಡಿ" ಅನ್ನಬೇಕು. ಹಾಗನ್ನುವ ತನಕ ಕೈ ಬಿಡುವಂತಿಲ್ಲ. ಮೇಸ್ತ್ರಿಯ ಎಡಗೈ ತೋರುಬೆರಳು ಬ್ಯಾಟರಿ ಆಸಿಡ್ಡಿಗೆ ಸುಟ್ಟು ಸೆಟೆದುಹೋಗಿತ್ತು. ಹೆಬ್ಬೆರಳು, ನಡುಬೆರಳಲ್ಲಿ ಕಡ್ಡಿ ಹಿಡಿದರೆ ಆ ಬೆರಳೊಂದು ನೆಟ್ಟಗೆ ಆಕಾಶ ನೋಡುತ್ತಿತ್ತು.

ಹನ್ನೊಂದು ವರ್ಷ ಅವರ ಜೊತೆಗಿದ್ದೆ. ಒಂದು ದಿನ ಅವಸರದಲ್ಲಿ ಗಿರಾಕಿಯ ಕಾರಿನ ಒರಿಜಿನಲ್ ವೈರು ಕತ್ತರಿಸಿಬಿಟ್ಟೆ. ಅದು ಅವರು ಎಂದೂ ಒಪ್ಪದ ಕೆಲಸ.

"ಲೋ, ಒರಿಜಿನಲ್ ವೈರಿಗೆ ಕತ್ತರಿ ಹಾಕ್ಬೇಡ ಅಂತ ಎಷ್ಟ್ ಸಲ ಬಡ್ಕೊಂಡಿದೀನಿ? ನೀನೇನು ವೈರಿಂಗ್ ಮಾಡ್ತಿದೀಯಾ, ಹುರುಳಿಕಾಯಿ ಹೆಚ್ತಿದೀಯಾ?"

ಗಿರಾಕಿ ನಕ್ಕ. ಆ ನಗು ನನಗೆ ನಾಟಿತು. ಮೇಸ್ತ್ರಿ ಮಾತ್ರ ಬೈದದ್ದನ್ನು ಅಲ್ಲೇ ಮರೆತು, ವೈರು ಬೆಸೆದು, ಹೊರಗೆ ಹೋಗಿ ಕಡ್ಡಿ ಹಿಡಿದು "ಬಂತಾ?" ಎಂದರು. ಬಂದಿತ್ತು. ನಾನು ಉತ್ತರ ಕೊಡದೆ ಆಚೆ ಬಾಗಿಲಿನಿಂದ ಇಳಿದು ನಡೆದುಬಿಟ್ಟೆ. ಬೆನ್ನ ಹಿಂದೆ ಇನ್ನೂ ಎರಡು ಸಲ "ಬಂತೇನೋ?" ಎಂದದ್ದು ಕೇಳಿಸಿತು.

ಆಮೇಲೆ ಬನಶಂಕರಿಯಲ್ಲಿ ಸ್ವಂತ ಅಂಗಡಿ ಹಾಕಿದೆ, ಹೆಸರೂ ಮಾಡಿದೆ. ಅಲ್ಲಿಂದ ಶ್ರೀನಗರಕ್ಕೆ ಸ್ಕೂಟರಿನಲ್ಲಿ ಹತ್ತು ನಿಮಿಷ. ಹದಿನೆಂಟು ವರ್ಷ ಹೋಗಲಿಲ್ಲ. ಮೇಸ್ತ್ರಿಗೆ ಲಕ್ವ ಹೊಡೆದು ಹಾಸಿಗೆ ಹಿಡಿದಿದ್ದಾರೆಂದು ಯಾರೋ ಹೇಳಿದಾಗಲೂ "ಕರೆದರೆ ಹೋಗೋಣ" ಎಂದುಕೊಂಡೆ.

ಆ ಮಧ್ಯಾಹ್ನ ಜಯನಗರದ ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರ ಹಳೇ ಅಂಬಾಸಡರ್ ಬಂದಿತ್ತು. ಡ್ಯಾಶ್‌ಬೋರ್ಡ್ ಕೊಯ್ಯದೆ, ಅದರ ಕೆಳಗೆ ಬ್ರಾಕೆಟ್ ಹಾಕಿ ಹೊಸ ಸ್ಟೀರಿಯೋ ಕೂರಿಸಿದೆ. ಬ್ಲೂಟೂತ್ ಚೆನ್ನಾಗಿ ಬಂತು. ರೇಡಿಯೋ ಹಾಕಿದರೆ ಬರೀ ಚರಚರ.

"ಬ್ಲೂಟೂತು ಮೊಮ್ಮಗಂಗೆ ಕಣಪ್ಪ, ನಂಗೆ ರೇಡಿಯೋನೇ ಬೇಕು. ನೋಡು ಅದೇನು ಅಂತ" ಎಂದು ಅವರು ಎದುರಿನ ದರ್ಶಿನಿಗೆ ಕಾಫಿಗೆ ಹೋದರು.

ಏರಿಯಲ್ ವೈರು ಬದಲಿಸಿದೆ, ಬೂಸ್ಟರ್ ಹಾಕಿದೆ. ಚರಚರ ಹೋಗಲಿಲ್ಲ. ಡ್ಯಾಶಿನಡಿ ತಲೆ ತೂರಿಸಿದ್ದಾಗ ಇದ್ದಕ್ಕಿದ್ದಂತೆ ರೇಡಿಯೋ ತಿಳಿಯಾಯಿತು. ತಲೆಯೆತ್ತಿ ನೋಡಿದೆ. ಗಾಜಿನಾಚೆ, ಮಡ್‌ಗಾರ್ಡಿನ ಮೇಲಿನ ಕಡ್ಡಿಯನ್ನು ಒಂದು ಕೈ ಹಿಡಿದಿತ್ತು. ಬಿಸಿಲು ಗಾಜಿಗೆ ಹೊಡೆದು ಮುಖ ಕಾಣಲಿಲ್ಲ. ಬ್ಯಾಂಕಿನವರೇ ಬಂದಿರಬೇಕೆಂದುಕೊಂಡು "ಹಾಗೇ ಹಿಡ್ಕೊಂಡಿರಿ" ಎಂದು ಮತ್ತೆ ಬಗ್ಗಿ ಸ್ಟೇಷನ್‌ಗಳನ್ನು ಒಂದೊಂದಾಗಿ ಸೆಟ್ ಮಾಡಿದೆ.

"ಭಲೇ, ಚೆನ್ನಾಗ್ ಬರ್ತಿದೆಯಲ್ಲಪ್ಪ!" ಎಂಬ ದನಿ ಹಿಂದಿನಿಂದ ಬಂತು. ಬ್ಯಾಂಕಿನವರು ರಸ್ತೆ ದಾಟಿ ಬರುತ್ತಿದ್ದರು. ನನಗೂ ಸೇರಿ ಎರಡೂ ಕೈಯಲ್ಲಿ ಕಾಫಿ ಲೋಟ. ತಿರುಗಿ ಕಡ್ಡಿಯ ಕಡೆ ನೋಡಿದರೆ ಯಾರೂ ಇಲ್ಲ.

"ಇಲ್ಲಿ ಯಾರಿದ್ರು ಸಾರ್?"

"ಯಾರೂ ಇರ್ಲಿಲ್ವಲ್ಲ. ಅಲ್ಲಿಂದ ನಮ್ಮ ಗಾಡಿನೇ ನೋಡ್ತಾ ನಿಂತಿದ್ದೆ."

ರೇಡಿಯೋ ಇನ್ನೂ ತಿಳಿಯಾಗಿಯೇ ಹಾಡುತ್ತಿತ್ತು. ಕಡ್ಡಿಯ ಬುಡ ಬಿಚ್ಚಿದೆ. ತುಂಬ ತುಕ್ಕು. ಯಾರೂ ಮುಟ್ಟದೆ ಅಷ್ಟು ಚೆನ್ನಾಗಿ ಬರಲು ಸಾಧ್ಯವೇ ಇರಲಿಲ್ಲ. ತುಕ್ಕು ಕೆರೆಯುತ್ತಿದ್ದಾಗ, ನಾನು ಕಂಡ ಕೈ ಇನ್ನೊಮ್ಮೆ ಕಣ್ಣ ಮುಂದೆ ಬಂತು. ಅದರ ತೋರುಬೆರಳು ನೆಟ್ಟಗೆ ಮೇಲಕ್ಕಿತ್ತು.

ಅವತ್ತೇ ಶ್ರೀನಗರಕ್ಕೆ ಹೋಗಬೇಕಿತ್ತು. ಏನೆಂದು ಹೇಳಿಕೊಂಡು ಹೋಗುವುದು, ನಿಮ್ಮ ಕೈ ಕಂಡೆ ಎಂದೇ? ಮನಸ್ಸಿನೊಳಗೆ ಹಳೆಯ ಸೊಕ್ಕೂ ಇತ್ತು. ಒಂಬತ್ತು ದಿನ ದೂಡಿದೆ.

ಬಾಗಿಲು ತೆಗೆದ ಮೇಸ್ತ್ರಿಯ ಮಗಳು ನನ್ನನ್ನು ಗುರುತಿಸಿದಳು. "ಈಗ ಬಂದ್ರಾ ಅಣ್ಣ? ಹೋದ ವಾರ ಎರಡನೇ ಸಲ ಹೊಡೀತು. ಅಲ್ಲೀವರೆಗೂ ತೊದಲ್ಕೊಂಡು ಮಾತಾಡ್ತಿದ್ರು. ನಿಮ್ ಹೆಸ್ರು ತಗೀತಿದ್ರು. ಈಗ ಮಾತೇ ಇಲ್ಲ."

ನನ್ನ ಹೆಸರು ಹಿಡಿದು ಏನು ಹೇಳುತ್ತಿದ್ದರು ಎಂದು ಕೇಳಿದೆ. ಅದು ಅವಳಿಗೂ ತಿಳಿದಿರಲಿಲ್ಲ.

ಮೇಸ್ತ್ರಿ ಸೂರು ನೋಡುತ್ತ ಮಲಗಿದ್ದರು. ಬಲಗೈ ಸತ್ತಂತೆ ಬಿದ್ದಿತ್ತು. ಎಡಗೈ ಮಾತ್ರ ಗಾಳಿಯಲ್ಲಿ ಎತ್ತಿಕೊಂಡೇ ಇತ್ತು. ಹೆಬ್ಬೆರಳು, ನಡುಬೆರಳು ಕೂಡಿ, ತೋರುಬೆರಳು ನೆಟ್ಟಗೆ.

"ಇದೊಂದು ನೋಡಿ" ಎಂದಳು ಮಗಳು. "ಇಳ್ಸಿದ್ರೆ ಮತ್ತೆ ಎತ್ತುತಾರೆ. ಏನ್ ಬೇಕು ಅಂತ ಕೇಳಿ ಕೇಳಿ ಸಾಕಾಯ್ತು. ಡಾಕ್ಟ್ರು ನರದ್ದು ಅಂತಾರೆ."

ಯಾವತ್ತಿನಿಂದ ಹೀಗೆ ಎಂದು ಕೇಳಲು ನನಗೆ ಬಾಯಿ ಬರಲಿಲ್ಲ. ಇವತ್ತಿಗೂ ಕೇಳಿಲ್ಲ.

ಹಾಸಿಗೆಯ ಪಕ್ಕ ಕೂತೆ. ದಾರಿಯುದ್ದಕ್ಕೂ ಕ್ಷಮೆಯ ಮಾತು ಜೋಡಿಸಿಕೊಂಡು ಬಂದಿದ್ದೆ. ಅವರ ಕಿವಿಯ ಹತ್ತಿರ ಬಗ್ಗಿ "ಬಂತು ಮೇಸ್ತ್ರಿ, ಬಿಡಿ" ಎಂದೆ.

ಸ್ವಲ್ಪ ಹೊತ್ತಿಗೆ ಕೈ ನಿಧಾನವಾಗಿ ಹೊದಿಕೆಯ ಮೇಲೆ ಇಳಿಯಿತು. ಮತ್ತೆ ಏಳಲಿಲ್ಲ. ಅವರಿಗೆ ನಿದ್ದೆ ಬಂದಿರಬಹುದು ಎಂದಳು ಮಗಳು. ಇರಬಹುದು. ಅವರಿಗೆ ಕೇಳಿಸಿತೋ ಇಲ್ಲವೋ ತಿಳಿಯುವ ಮೊದಲೇ, ಎರಡು ತಿಂಗಳಿಗೆ ಅವರು ಹೋದರು.

ಬಿಸಿಲಿಗೆ ಕಣ್ಣು ಕತ್ತಲಿಟ್ಟಿತ್ತೆಂದು ನೀವು ಹೇಳಬಹುದು. ನಾನೂ ಎಷ್ಟೋ ಸಲ ಹಾಗೆ ಹೇಳಿಕೊಂಡಿದ್ದೇನೆ. ಆದರೆ ಆ ಅಂಬಾಸಡರಿನಲ್ಲಿ ಕೂತು ನಾನು "ಹಾಗೇ ಹಿಡ್ಕೊಂಡಿರಿ" ಎಂದಿದ್ದು ನಿಜ. ಬಿಡಿ ಎಂದು ಹೇಳಿರಲಿಲ್ಲ.